ಕಾಶ್ಯಪ ಗೋತ್ರದ ಕೋಡ್

ಜಾವಾ ಬರೆಯುವವರಲ್ಲಿ ಒಂದು ಸಂಪ್ರದಾಯವಿದೆ. ಡೇಟಾಬೇಸಿನಲ್ಲಿ ಹೊಸ ಟೇಬಲ್ ಹುಟ್ಟಿದರೆ ಅದರ ಬೆನ್ನಿಗೇ ಎಂಟಿಟಿ, ರೆಪಾಸಿಟರಿ, ಸರ್ವಿಸ್, ಕಂಟ್ರೋಲರ್ ಎಂಬ ನಾಲ್ಕು ಫೈಲುಗಳೂ ಹುಟ್ಟಬೇಕು. ಗ್ರಾಹಕರ ಫೈಲಿಗೂ ಬಿಲ್ಲಿನ ಫೈಲಿಗೂ ಹೆಸರು ಬಿಟ್ಟರೆ ಹೆಚ್ಚಿನ ವ್ಯತ್ಯಾಸವಿಲ್ಲ. ಇದನ್ನೆಲ್ಲ ಕೈಯಲ್ಲೇ ಬರೆಯುವವನು ಒಂದೋ ಹೊಸಬ, ಇಲ್ಲವೇ ಗಂಟೆ ಲೆಕ್ಕದಲ್ಲಿ ದುಡ್ಡು ಎಣಿಸುವವನು. ಉಳಿದವರು ಟೆಂಪ್ಲೇಟ್ ಮಾಡಿಟ್ಟುಕೊಳ್ಳುತ್ತಾರೆ. ಹೆಸರು ಬರುವ ಕಡೆ ಜೋಡಿ ಪುಷ್ಪಾವರಣ ಹಾಕಿ ಜಾಗ ಬಿಟ್ಟರೆ ಆಯಿತು, ಯಂತ್ರ ತುಂಬಿಕೊಳ್ಳುತ್ತದೆ. (ಆ ಆವರಣವನ್ನು ಅಡ್ಡ ಮಲಗಿಸಿದರೆ ಥೇಟ್ ಮೀಸೆ. 2009ರಲ್ಲಿ ಬಂದ ಒಂದು ಟೆಂಪ್ಲೇಟ್ ಸಾಧನಕ್ಕೆ ಅದಕ್ಕೇ ಮಸ್ಟಾಶ್ ಎಂದು ಹೆಸರು.)

ಇದು ಕಂಪ್ಯೂಟರಿನವರ ಕಂಡುಹಿಡಿತ ಎಂದರೆ ಪುರೋಹಿತರು ನಕ್ಕಾರು. ಸಂಕಲ್ಪ ಮತ್ತಿನ್ನೇನು? ಜಂಬೂದ್ವೀಪದಿಂದ ಹೊರಟು ದಂಡಕಾರಣ್ಯ ಹಾಯುವ ಪಾಠ ಎಲ್ಲರಿಗೂ ಒಂದೇ. ಸಂವತ್ಸರಕ್ಕೆ 60 ಆಯ್ಕೆ, ಋತುವಿಗೆ 6, ಅಯನಕ್ಕೆ 2. ನಕ್ಷತ್ರ, ಗೋತ್ರ, ಹೆಸರಿನ ಜಾಗ ಖಾಲಿ. ಹೆಸರಿನ ಹಿಂದೆಯೇ 'ನಾಮಧೇಯಸ್ಯ' ಎಂದು ಸೇರಿಸಿ ವಿಭಕ್ತಿಯ ಭಾರವನ್ನು ಅದಕ್ಕೇ ಹೊರಿಸಿದ್ದಾರೆ. ಹರ್ಷಿತ್ ಬರಲಿ, ರಾಕಿ ಬರಲಿ, ಸಂಸ್ಕೃತ ಕೆಡುವುದಿಲ್ಲ. 'ಸುಮಾನಿಗೆ ಶುಭಾಶಯ' ಎಂದು ಎಸ್ಸೆಮ್ಮೆಸ್ ಕಳಿಸುವ ತಂತ್ರಾಂಶಗಳಿಗೆ ಇಷ್ಟು ಹೊಳೆದಿಲ್ಲ.

ನಾನು ನಿಜಕ್ಕೂ ಕೈಮುಗಿಯುವುದು ಗೋತ್ರದ ಏರ್ಪಾಡಿಗೆ. 'ಗೋತ್ರ?' ಎಂದಾಗ ಯಜಮಾನರು ಹೆಂಡತಿಯ ಮುಖ ನೋಡಿದರೆ ಭಟ್ಟರು ಕಾಯುವುದಿಲ್ಲ, ಕಾಶ್ಯಪ ಎಂದು ಹಾಕಿ ಮುಂದೆ ಹೋಗುತ್ತಾರೆ. ಗೊತ್ತಿಲ್ಲದವರಿಗೆಲ್ಲ ಕಾಶ್ಯಪ. ಕೋಡಿನಲ್ಲಿ ಇದೇ ಡಿಫಾಲ್ಟ್ ವ್ಯಾಲ್ಯೂ.

ಡಿಫಾಲ್ಟ್ ಹೇಳಿಕೊಡದಿದ್ದರೆ ಒಂದೊಂದು ಯಂತ್ರದ್ದು ಒಂದೊಂದು ಬುದ್ಧಿ. ಪೈಥಾನಿನ ಸ್ವಂತ ಟೆಂಪ್ಲೇಟಿಗೆ 'ಸಬ್‌ಸ್ಟಿಟ್ಯೂಟ್' ಎಂದರೆ, ಗೋತ್ರ ತಿಳಿಯದೆ ಪೂಜೆಯೇ ಇಲ್ಲವೆಂದು ಕೀ ಎರರ್ ಒದರಿ ಎದ್ದು ಹೋಗುತ್ತದೆ. 'ಸೇಫ್ ಸಬ್‌ಸ್ಟಿಟ್ಯೂಟ್' ಎಂದರೆ ಪುಸ್ತಕದಲ್ಲಿರುವ 'ಅಮುಕ ಗೋತ್ರ'ವನ್ನೇ ಗಟ್ಟಿಯಾಗಿ ಓದುತ್ತದೆ. ಅದೇನು ಸೇಫೋ! 'ಪ್ರಿಯ ಫಸ್ಟ್‌ನೇಮ್ ಅವರೇ' ಎಂದು ಸಾಲ ಕೊಡಲು ಬರುವ ಮೇಲ್‌ಗಳು ಈ ಬಳಗದವು. ಜಿಂಜಾ ಎಂಬ ಟೆಂಪ್ಲೇಟ್ ಸಾಧನ ಇನ್ನೂ ನಾಜೂಕು. ಹೆಸರು ಸಿಗದಿದ್ದರೆ ಆ ಜಾಗವನ್ನು ಸದ್ದಿಲ್ಲದೆ ನುಂಗುತ್ತದೆ. ಜಾವಾ ಫೈಲಿನಲ್ಲಾದರೆ ಹೆಸರಿಲ್ಲದ ಕ್ಲಾಸ್ ಕಂಡು ಕಂಪೈಲರ್ ಬೊಬ್ಬೆ ಹಾಕುತ್ತದೆ, ಪುಣ್ಯ. ಸರ್ವರಿನ ಕಾನ್ಫಿಗರೇಷನ್ ಫೈಲಿನಲ್ಲಾದರೆ ಬೊಬ್ಬೆ ಹಾಕುವವರಿಲ್ಲ. ಪಾಸ್‌ವರ್ಡಿನ ಜಾಗ ಖಾಲಿಯಿಟ್ಟುಕೊಂಡೇ ಅದು ಊರು ಸೇರಬಹುದು.

ಜಿಂಜಾದಲ್ಲಿ 'ಸ್ಟ್ರಿಕ್ಟ್ ಅನ್‌ಡಿಫೈನ್ಡ್' ಎಂಬ ಆಯ್ಕೆ ಇದೆ. ಅದಿದ್ದರೆ ತುಂಬದ ಜಾಗ ಸಿಕ್ಕಿದ ಕೂಡಲೇ ಕೆಲಸ ನಿಲ್ಲಿಸಿ ಕೂಗುತ್ತದೆ. ಮೊದಲ ಟೆಂಪ್ಲೇಟ್ ಬರೆಯುವ ಮುಂಚೆಯೇ ದಯವಿಟ್ಟು ಹಾಕಿಕೊಳ್ಳಿ. ಕಾಶ್ಯಪರನ್ನು ಗೋತ್ರಕ್ಕೆ ಕರೆಯಿರಿ, ಪಾಸ್‌ವರ್ಡಿಗೆ ಎಳೆಯಬೇಡಿ.