ಪುಕ್ಕಟೆ ಚಕ್ರದ ಭಾವ

ಬೆಳಗ್ಗೆ ಶಿರಸಿ ಪೇಟೆಯಲ್ಲಿ ಹಳೇ ಬೇರಿಂಗು, ಮಧ್ಯಾಹ್ನ ಸಿದ್ದಾಪುರದಲ್ಲಿ ಯಾರದೋ ಉಪನಯನದ ಊಟ, ಇಳಿಹೊತ್ತಿಗೆ ಯಲ್ಲಾಪುರದ ವೆಲ್ಡಿಂಗ್ ಅಂಗಡಿ, ರಾತ್ರಿ ನಮ್ಮ ಮನೆ ಜಗಲಿ. ತಂಗಿಯ ಗಂಡನ ದಿನಚರಿ ಇದು. ಪರಾಗದಿಂದ ಹೊರಬಿದ್ದು ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳು ಗೊತ್ತುಗುರಿಯಿಲ್ಲದೆ ಕುಣಿಯುವುದನ್ನು ರಾಬರ್ಟ್ ಬ್ರೌನ್ 1827ರಲ್ಲಿ ಸೂಕ್ಷ್ಮದರ್ಶಕ ಇಟ್ಟು ನೋಡಿದ. ನಮ್ಮ ಭಾವ ಸಿಕ್ಕಿದ್ದರೆ ಅವನಿಗೆ ಬರಿಗಣ್ಣೇ ಸಾಕಿತ್ತು.

ಘಟ್ಟದ ಮೇಲಿನ ಈ ಮೂರೂ ತಾಲೂಕುಗಳಲ್ಲಿ ಇಂಥ ಭಾವ ಊರಿಗೊಬ್ಬ ಇದ್ದೇ ಇರುತ್ತಾನೆ. ತೋಟಕ್ಕೆ ಕೊಳೆಮದ್ದು ಹೊಡೆಸುವುದು ಮರೆತುಹೋಗುತ್ತದೆ, ಯಂತ್ರ ಮರೆಯುವುದಿಲ್ಲ. ಕವಳದ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಜೊತೆ ಟೆಸ್ಟರು, ನಾಲ್ಕು ನಟ್ಟು. ಕರೆಂಟು ಬೇಡ, ಡೀಸೆಲ್ ಬೇಡ, ಗಾಳಿಯ ಬಿಸಿಯಿಂದಲೇ ಅಡಿಕೆ ಸುಲಿಯುವ ಯಂತ್ರ ಓಡಿಸುತ್ತೇನೆ ಎಂಬುದು ಅವನ ಹಟ.

“ಭಾವಾ, ಗಾಳಿ ಸುಮ್ನೆ ಕೂತಿದ್ದಿಲ್ಲೆ” ಎಂದು ಶುರು ಮಾಡುತ್ತಾನೆ. ಅಲ್ಲಿಯವರೆಗೆ ತಪ್ಪೇನಿಲ್ಲ. ಈ ಜಗಲಿಯ ಗಾಳಿಯ ಅಣುಗಳು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡಾಡುತ್ತಿವೆ. ಒಂದು ಘನ ಮೀಟರ್ ಗಾಳಿಯಲ್ಲಿ ಆ ಓಡಾಟದ ಶಕ್ತಿ ಸುಮಾರು ಒಂದೂವರೆ ಲಕ್ಷ ಜೂಲ್. 60 ಕಿಲೋ ಅಡಿಕೆ ಚೀಲವನ್ನು ಜೋಗದ ಗುಂಡಿಯಿಂದ 253 ಮೀಟರ್ ಮೇಲಕ್ಕೆ ಎತ್ತಲು ಅಷ್ಟು ಸಾಕು! ಲೆಕ್ಕ ನಾನೇ ಮಾಡಿಕೊಟ್ಟದ್ದು. ಮಾಡಿಕೊಡಬಾರದಿತ್ತು.

ಶಕ್ತಿ ಇದೆ, ಕೆಲಸಕ್ಕೆ ಮಾತ್ರ ಬಾರದು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಬಿಡಕಿಬೈಲಿನಲ್ಲಿ ಸೇರಿದ ಜನ ನೋಡಿ. ಒಬ್ಬ ಬಳೆ ಅಂಗಡಿಗೆ, ಒಬ್ಬ ತೊಟ್ಟಿಲಿಗೆ, ಒಬ್ಬ ಕಳೆದುಹೋದ ಮಗನ ಹಿಂದೆ. ನೂಕುನುಗ್ಗಲಿಗೇನು ಕಮ್ಮಿ? ಆ ನೂಕಿಗೆ ರಥ ಗೇಣೂ ಕದಲುವುದಿಲ್ಲ. ಎಲ್ಲ ಹಗ್ಗ ಹಿಡಿದು ಒಂದೇ ದಿಕ್ಕಿಗೆ ಎಳೆದಾಗಲೇ ಅದು ಹೊರಡುವುದು. ಬಿಸಿ ಎಂದರೆ ಹಗ್ಗ ಹಿಡಿಯದ ಜಾತ್ರೆ.

“ಹಂಗಾರೆ ಒಂದೇ ದಿಕ್ಕಿಗೆ ತಿರುಗ್ಸಿರೆ ಆತು” ಎಂದವನೇ ಮೊಮ್ಮಗನ ಸೈಕಲ್ಲಿನ ಫ್ರೀವೀಲ್ ಬಿಚ್ಚಿ ತಂದ. ಅದಕ್ಕೆ ರೆಕ್ಕೆ ಕಟ್ಟುವುದು. ಅಣು ಮುಂದಕ್ಕೆ ಗುದ್ದಿದ್ದೆಲ್ಲ ಜಮೆ, ಹಿಂದಕ್ಕೆ ಗುದ್ದಿದರೆ ಒಳಗಿನ ಕೊಂಡಿ ಅಡ್ಡ. ಈ ಉಪಾಯದ ಹುಳುಕನ್ನು ಸ್ಮೊಲುಖೋವ್‌ಸ್ಕಿ 1912ರಲ್ಲೇ ತೋರಿಸಿದ್ದ, ಫೈನ್‌ಮನ್ 1962ರಲ್ಲಿ ತರಗತಿಯಲ್ಲಿ ಬಿಡಿಸಿ ಹೇಳಿದ. ಅಣುವಿನ ಗುದ್ದಿಗೆ ಏಳಬೇಕಾದ ಕೊಂಡಿ ಅದಕ್ಕೆ ತಕ್ಕಷ್ಟು ಹಗುರವಿರಬೇಕು. ಅಷ್ಟು ಹಗುರಾದರೆ ಅದು ತನ್ನ ಬಿಸಿಗೆ ತಾನೇ ಕುಣಿಯುತ್ತದೆ, ಕುಣಿದು ಮೇಲೆದ್ದ ಗಳಿಗೆಯಲ್ಲಿ ಚಕ್ರ ಹಿಂದೆ ಜಾರುತ್ತದೆ. ಕಾವಲಿಗೆ ಕೂರಿಸಿದವನಿಗೇ ಚಳಿಜ್ವರ. ಮುಂದೆ ಹೋದಷ್ಟೂ ಹಿಂದೆ.

ಎಂಟು ದಿನ ಬಿಟ್ಟು ಮತ್ತೆ ಬಂದ. ಈ ಸಲ ಅಣುಗಳನ್ನು ಆರಿಸುವುದಂತೆ: ಓಡುವವು ಒಂದು ಕೋಣೆಗೆ, ತೆವಳುವವು ಇನ್ನೊಂದಕ್ಕೆ. 1867ರಲ್ಲಿ ಮ್ಯಾಕ್ಸ್‌ವೆಲ್ ಹೀಗೇ ಬಾಗಿಲಲ್ಲೊಂದು ಭೂತವನ್ನು ಕೂರಿಸಿ ನೋಡಿದ್ದ. ಅಡಿಕೆ ಆರಿಸುತ್ತಿದ್ದ ತಂಗಿ ಮೊರ ಕೆಳಗಿಟ್ಟಳು. “ಚಾಲಿ, ಕೋಕ, ಬಿಳೇಗೋಟು ಬೇರೆ ಮಾಡಲೆ ಬಂದವ್ಕೆ ಸಂಬಳ ಕೊಡವು. ನಿಮ್ಮ ಭೂತದ ಸಂಬಳ ಯಾರ ಲೆಕ್ಕಕ್ಕೆ?”

ಭೌತಶಾಸ್ತ್ರ ಆ ಸಂಬಳ ಪತ್ತೆಹಚ್ಚಲು ನೂರು ವರ್ಷ ತಿಣುಕಿತು. ಬರೆದಿಟ್ಟ ಲೆಕ್ಕ ಅಳಿಸುವುದಕ್ಕೆ ಶಕ್ತಿ ಖರ್ಚಾಗುತ್ತದೆ ಎಂದು 1961ರಲ್ಲಿ ಲ್ಯಾಂಡಾವರ್ ಹೇಳಿದ. ಭೂತದ ನೆನಪು ತುಂಬಿದಾಗ ಅಳಿಸಲೇಬೇಕು, ಗಳಿಸಿದ್ದು ಅಲ್ಲಿಗೇ ವಜಾ. ಈ ನಿಯಮ ಮೀರಿದವ ನನಗೆ ತಿಳಿದಂತೆ ಭಾವ ಒಬ್ಬನೇ. ಬೇರಿಂಗಿಗೆಂದು ನನ್ನಿಂದ ತೆಗೆದುಕೊಂಡ ಸಾಲವನ್ನು ಬಿಡಿಗಾಸೂ ಖರ್ಚಿಲ್ಲದೆ ಮನಸ್ಸಿನಿಂದ ಅಳಿಸಿಹಾಕಿದ್ದಾನೆ.

ಪೇಟೆಂಟಿನ ಮಾತೂ ಬಂತು. ನಿಸರ್ಗನಿಯಮಕ್ಕೆ ನೇರ ವಿರುದ್ಧವಾದದ್ದಕ್ಕೆ ಪೇಟೆಂಟಿಲ್ಲ ಎಂದು 1970ರ ಕಾಯ್ದೆಯ 3(ಎ) ಕಲಮು ಓದಿ ಹೇಳಿದೆ. “ಭಾಸ್ಕರಾಚಾರ್ಯ ಪಾದರಸದ ಚಕ್ರ ಬರೆದಿದ್ನಿಲ್ಯ? ಅವಂಗೆ ಯಾವ ಕಲಮು?” ಎಂದ. ಆಚಾರ್ಯರು ಬರೆದದ್ದು ಹೌದು. ಅದು ತಾನಾಗಿ ತಿರುಗಿದ್ದನ್ನು ಕಂಡವರಿಲ್ಲ.

ಕೊಯ್ಲಿನ ಕಾಲಕ್ಕೆ ಚಕ್ರ ಕೊನೆಗೂ ತಿರುಗಿತು! ಅಡಿಕೆ ಬೇಯಿಸುವ ಹಂಡೆಯ ಉಗಿಗೆ ಹಿಡಿದಿದ್ದ. ಹಂಡೆಯಲ್ಲಿ 100 ಡಿಗ್ರಿ, ಅಂಗಳದಲ್ಲಿ 27. ಕಾರ್ನೋ 1824ರಲ್ಲೇ ಹೇಳಿದ್ದು ಇದನ್ನೇ: ಬಿಸಿ ತಂಪಿನ ಕಡೆ ಇಳಿಯುವಾಗ ಮಾತ್ರ ಕೆಲಸ. ಇಷ್ಟು ಇಳಿಜಾರಿಗೆ ನೂರರಲ್ಲಿ ಇಪ್ಪತ್ತು ಪಾಲೂ ದಕ್ಕುವುದಿಲ್ಲ. ಭಾವ ಅದನ್ನೆಲ್ಲ ಕೇಳುವ ಸ್ಥಿತಿಯಲ್ಲಿರಲಿಲ್ಲ. “ಪುಕ್ಕಟೆ! ಪುಕ್ಕಟೆ!” ಎಂದು ಅಂಗಳದ ತುಂಬ ಕುಣಿಯುತ್ತಿದ್ದ.

ತಂಗಿ ಒಲೆಗೆ ಇನ್ನೊಂದು ಕುಂಟೆ ನೂಕಿ ನನ್ನ ಕಡೆ ತಿರುಗಿದಳು.

“ಅಣ್ಣಾ, ಸೌದೆ ಎರಡು ಹೊರೆ ಆತು.”