ವಜ್ರದ ತೂತು

ಎಲ್ಲರ ಮನೆ ದೋಸೆಯೂ ತೂತೇ ಎಂಬ ಗಾದೆ ಕಟ್ಟಿದವರು ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ನೋಡಿದವರಲ್ಲ. ಇಲ್ಲಿ ದೋಸೆ ಆ್ಯಪಿನಲ್ಲಿ ಬರುತ್ತದೆ, ತೂತು ಮಾತ್ರ ಮನೆಯಲ್ಲೇ ತಯಾರಾಗುತ್ತದೆ. ಎಸಿ ಪೈಪಿಗೊಂದು, ಅಡುಗೆಮನೆಯ ಚಿಮಣಿಗೊಂದು, ಗೀಸರಿಗೊಂದು, ಕಮೋಡಿನ ಜಾಗ ವಾಸ್ತು ಪ್ರಕಾರ ಬದಲಾಗಿದ್ದರೆ ಅದಕ್ಕೊಂದು. ಕೋಟಿಗಟ್ಟಲೆ ಸುರಿದು ಗಟ್ಟಿ ಮನೆ ಕೊಂಡವರು ಬೀಗದ ಕೈ ಸಿಕ್ಕ ವಾರದಲ್ಲೇ ಇನ್ನೊಬ್ಬನಿಗೆ ದುಡ್ಡು ಕೊಟ್ಟು ಆ ಗಟ್ಟಿತನವನ್ನು ಇಂಚು ಇಂಚಾಗಿ ತೆಗೆಸುತ್ತಾರೆ.

ಪಾಪ, ಅವರಿಗೂ ಬೇರೆ ದಾರಿಯಿಲ್ಲ. ಈಗಿನ ಎತ್ತರದ ಕಟ್ಟಡಗಳಲ್ಲಿ ಇಟ್ಟಿಗೆ ಗೋಡೆಯೇ ಕಡಿಮೆಯಾಗುತ್ತಿದೆ. ಮೈವಾನ್ ಎಂದು ಕರೆಯುವ ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆ, ಮೋಲ್ಡು ಎರಡನ್ನೂ ಒಟ್ಟಿಗೇ ಕಾಂಕ್ರೀಟಿನಲ್ಲಿ ಹೊಯ್ಯುತ್ತಾರೆ. ಕ್ಯಾಲೆಂಡರಿಗೆಂದು ಮೊಳೆ ಹೊಡೆದರೆ ಮೊಳೆಯೇ ನಮಸ್ಕಾರ ಮಾಡುತ್ತದೆ. ಇಂಥ ಕಟ್ಟಡಕ್ಕೆ ಪೈಪಿನ ದಾರಿಯನ್ನು ಮೊದಲೇ ಯೋಚಿಸಬೇಕು. ಕಾಂಕ್ರೀಟ್ ಹಾಕುವ ಮುನ್ನ ಆ ಜಾಗದಲ್ಲಿ ಒಂದು ಗೇಣು ಪಿವಿಸಿ ಪೈಪಿಟ್ಟು, ಬಾಯಿಗೆ ಗೋಣಿ ತುರುಕಿದರೆ ಆಯಿತು. ಸ್ಲೀವ್ ಎಂದರೆ ಇಷ್ಟೇ. ಆದರೆ ಅದನ್ನು ಇಡಬೇಕಾದರೆ ಪ್ಲಂಬಿಂಗ್ ನಕ್ಷೆಯೂ ಸ್ಟ್ರಕ್ಚರಲ್ ನಕ್ಷೆಯೂ ಒಂದು ಮಧ್ಯಾಹ್ನವಾದರೂ ಒಂದೇ ಮೇಜಿನ ಮೇಲೆ ಭೇಟಿಯಾಗಬೇಕು. ನಮ್ಮಲ್ಲಿ ಆ ಎರಡು ನಕ್ಷೆಗಳ ನಡುವೆ ಸಿಲ್ಕ್ ಬೋರ್ಡ್ ಜಂಕ್ಷನ್ ಇದೆ. ಹೀಗಾಗಿ ಒಂದು ತುಂಡು ಪ್ಲಾಸ್ಟಿಕ್ ಮಾಡಬೇಕಿದ್ದ ಕೆಲಸಕ್ಕೆ ಕೊನೆಗೆ ವಜ್ರ ಬರುತ್ತದೆ.

ಕೋರ್ ಕಟಿಂಗ್ ಎಂದು ಅದರ ಹೆಸರು. ಮಾರತ್ತಹಳ್ಳಿಯಿಂದ ಹೋಪ್‌ಫಾರ್ಮ್‌ವರೆಗೆ ಲೈಟ್ ಕಂಬಗಳ ಮೇಲೆ ಪಿಜಿ ಜಾಹೀರಾತಿನ ಮಗ್ಗುಲಲ್ಲೇ ಅದರ ಸ್ಟಿಕರ್ ಇರುತ್ತದೆ. ಕಾಂಕ್ರೀಟಿಗೆ ಬೋಲ್ಟ್ ಬಿಗಿದು ಸ್ಟ್ಯಾಂಡ್ ನಿಲ್ಲಿಸುತ್ತಾರೆ. ಸ್ಟ್ಯಾಂಡಿಗೆ ಮೋಟರು, ಮೋಟರಿಗೆ ಉಕ್ಕಿನ ಕೊಳವೆ, ಕೊಳವೆಯ ಬಾಯಿಗೆ ಕೃತಕ ವಜ್ರದ ಹರಳು ಬೆರೆಸಿದ ಹಲ್ಲುಗಳು. ಅದು ಬಡಿಯುವುದಿಲ್ಲ, ತೇಯುತ್ತದೆ. ತೇದಷ್ಟೂ ಕಾಯುವುದರಿಂದ ನೀರು ಬಿಡುತ್ತಲೇ ಇರಬೇಕು. ಕೂಲಿ ಇಂಚಿನ ಲೆಕ್ಕ. ಕೆಲಸ ಬಲ್ಲವನು ಮಾಡಿದರೆ ಅಕ್ಕಪಕ್ಕ ಬಿರುಕು ಬಿಡುವುದಿಲ್ಲ, ಅಂಚು ನುಣ್ಣಗಿರುತ್ತದೆ, ಬ್ರೇಕರ್ ಹಿಡಿದು ಇಡೀ ಮಹಡಿಯನ್ನು ನಡುಗಿಸುವುದಕ್ಕಿಂತ ಸಾವಿರ ಪಾಲು ಮೇಲು. ಈ ವಿದ್ಯೆಯ ಮೇಲೆ ನನಗೆ ತಕರಾರಿಲ್ಲ. ತಕರಾರಿರುವುದು ಅದರ ವಿಧೇಯತೆಯ ಮೇಲೆ. ಚಾಣ-ಸುತ್ತಿಗೆಯ ಕಾಲದಲ್ಲಿ ಕಂಬಿ ಅಡ್ಡ ಬಂದರೆ ಠಣ್ ಎನ್ನುತ್ತಿತ್ತು. ಮೇಸ್ತ್ರಿ ಬೈದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದ. ವಜ್ರ ಯಾರನ್ನೂ ಬೈಯುವುದಿಲ್ಲ. ಜಲ್ಲಿ, ಸಿಮೆಂಟು, ಉಕ್ಕು ಮೂರನ್ನೂ ಸಮಚಿತ್ತದಿಂದ ತೇದು ಆಚೆ ಬರುತ್ತದೆ.

"ಕಂಬಿ ಸಿಕ್ಕಿದ್ರೆ ಏನ್ ಮಾಡ್ತೀಯಪ್ಪಾ?"

"ಕಟ್ ಆಗುತ್ತೆ ಸಾರ್. ಬಿಟ್ಟಿಗೆ ಏನೂ ಆಗಲ್ಲ."

ಅವನು ಗ್ಯಾರಂಟಿ ಕೊಡುವುದು ತನ್ನ ಸಾಮಾನಿಗೆ. ಸರಿಯೇ ತಾನೆ, ಮನೆ ಅವನದಲ್ಲವಲ್ಲ. ನಿಜ ಹೇಳಬೇಕೆಂದರೆ ಇಡೀ ವ್ಯವಹಾರದಲ್ಲಿ ಎಲ್ಲಿ ಕೊರೆಯಬಾರದು ಎಂದು ಅಷ್ಟಿಷ್ಟು ಗೊತ್ತಿರುವವನು ಅವನೊಬ್ಬನೇ, ಅವನನ್ನು ಮಾತ್ರ ಯಾರೂ ಕೇಳುವುದಿಲ್ಲ. ಗುರುತು ಹಾಕುವವರು ಇಂಟೀರಿಯರ್ ಡಿಸೈನರ್. ಅವರಿಗೆ ಗೊತ್ತಿರುವ ಏಕೈಕ ಭಾರವೆಂದರೆ ಮಾಡ್ಯುಲರ್ ಕಿಚನ್ನಿನ ಬಿಲ್ಲು. ಎಸಿ ಪೈಪ್ ಕಣ್ಣಿಗೆ ಬೀಳಬಾರದು, ಆದ್ದರಿಂದ ಫಾಲ್ಸ್ ಸೀಲಿಂಗಿನ ಮೇಲೆ ಹೋಗಬೇಕು. ಅಲ್ಲಿ ಬೀಮು ಅಡ್ಡ ನಿಂತಿದೆ. ಬೀಮಿನ ಕೆಳಭಾಗದಲ್ಲಿ ಮುಖ್ಯ ಕಂಬಿಗಳಿರುತ್ತವೆ, ಕಂಬದ ಹತ್ತಿರ ಹೊರೆಯೆಲ್ಲ ಬಂದು ಸೇರುತ್ತದೆ, ತೂತು ಮಾಡಲೇಬೇಕಾದರೆ ಕಂಬದಿಂದ ದೂರ, ಬೀಮಿನ ಎತ್ತರದ ನಡುಮಧ್ಯೆ, ಅದೂ ಎಂಜಿನಿಯರ್ ಲೆಕ್ಕ ಹಾಕಿ ಒಪ್ಪಿದ ಮೇಲೆ. ಇವೆಲ್ಲ ಡಿಪ್ಲೊಮಾ ಓದುವ ಹುಡುಗರಿಗೂ ಗೊತ್ತು. ಆದರೆ ಪೈಪಿನಲ್ಲಿ ನೀರು ಇಳಿಯಲು ವಾಟ ಬೇಕು, ಡಿಸೈನರಿಗೆ ಸೀಲಿಂಗ್ ಎತ್ತರ ಬೇಕು, ಹಾಗಾಗಿ ಗುರುತು ಕೆಳಕ್ಕೆ ಜಾರಿ ಜಾರಿ ಕೊನೆಗೆ ಕಂಬಿಯ ನೆತ್ತಿಯ ಮೇಲೆ ನಿಲ್ಲುತ್ತದೆ. ಗೋಡೆಯ ಮೇಲೆ ಉರುಳಿಸಿದರೆ ಒಳಗೆ ಕಂಬಿ ಎಲ್ಲಿದೆಯೆಂದು ತೋರಿಸುವ ಸ್ಕ್ಯಾನರ್‌ಗಳಿವೆ. ನಮ್ಮಲ್ಲಿ ಸ್ಕ್ಯಾನ್ ಮಾಡುವುದು ಕೆಲಸ ಮುಗಿದ ಮೇಲೆ, ಅವನ ಕ್ಯೂಆರ್ ಕೋಡನ್ನು.

ನಾಲ್ಕಿಂಚು ಅಗಲ, ಆರಿಂಚು ದಪ್ಪದ ಮೋಲ್ಡಿನಿಂದ ಕಳಚಿ ಬೀಳುವ ಕಾಂಕ್ರೀಟ್ ತುಂಡು ಹೆಚ್ಚುಕಮ್ಮಿ ಮೂರು ಕೆ.ಜಿ. ತೂಗುತ್ತದೆ. ಕೆಳಗಿನ ಮನೆಯವರಿಗೆ ಮೊದಲೇ ಹೇಳಿ, ಕೆಳಗಿನಿಂದ ಆನಿಕೆ ಕೊಟ್ಟು ಅದನ್ನು ಹಿಡಿಯಬೇಕು. ಬೆಂಗಳೂರಿನಲ್ಲಿ ನೆರೆಹೊರೆಯವರ ಪರಿಚಯವೇ ಆಗುವುದಿಲ್ಲ ಎಂದು ಕೊರಗುವವರು ಹೇಳದೆ ಕೊರೆಸಿ ನೋಡಬಹುದು.

ಕೊರೆಯುವಾಗ ನೀರು ಬಿಡುತ್ತಲೇ ಇರಬೇಕು ಎಂದೆನಲ್ಲ, ಈಗ ಆ ನೀರಿನ ವಿಷಯ. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಕೈಕೊಟ್ಟಾಗ ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ಗ್ರೈಂಡರ್ ಹಿಡಿದು ಗೋಡೆ ಕೊಯ್ಯುವವರು ಈ ವಿಷಯದಲ್ಲಿ ಜಲಮಂಡಳಿಗಿಂತ ಎಷ್ಟೋ ವರ್ಷ ಮುಂದಿದ್ದರು. ಅವರು ಮೊದಲಿನಿಂದಲೂ ಒಣಗೊಯ್ಲಿನವರು. ಹಾಗೆ ಕೊಯ್ದಾಗ ಏಳುವ ಬಿಳಿ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಶ್ವಾಸಕೋಶಕ್ಕೆ ಇಳಿದದ್ದು ಅಲ್ಲೇ ಕೂತು ಗಾಯ ಮಾಡುತ್ತದೆ, ವಾಸಿಯಾಗುವುದಿಲ್ಲ. ಸಿಲಿಕೋಸಿಸ್ ಎನ್ನುವುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಸರ್ಕಾರಿ ಪಟ್ಟಿಯಲ್ಲಿರುವ ರೋಗ. ಪೀಣ್ಯದ ಶೆಡ್ಡಿನಲ್ಲಿ ಮೆಷಿನ್ ಕೂರಿಸಲು ನೆಲ ಕೊಯ್ದರೆ ಕಾಗದದ ಮೇಲಾದರೂ ಒಬ್ಬ ಇನ್‌ಸ್ಪೆಕ್ಟರ್ ಇದ್ದಾನೆ. ಮೂರು ಬೆಡ್‌ರೂಮಿನ ಮನೆ ಕಾರ್ಖಾನೆಯಲ್ಲ. ಅಲ್ಲಿ ಕೊಯ್ಯುವ ಹುಡುಗನ ಮೂಗಿಗೆ ಒಂದು ಕರ್ಚೀಫು, ಸೋಫಾಗೆ ಎರಡು ಪದರ ಪ್ಲಾಸ್ಟಿಕ್ಕು.

ಐಟಿ ಪಾರ್ಕುಗಳಲ್ಲಿ, ಈಚೆಗೆ ಅಪಾರ್ಟ್‌ಮೆಂಟುಗಳಲ್ಲೂ, ಪೋಸ್ಟ್ ಟೆನ್ಷನ್ ಮೋಲ್ಡು ಬಂದಿದೆ. ಕಂಬಗಳ ನಡುವೆ ಅಂತರ ಜಾಸ್ತಿ, ಮೋಲ್ಡು ತೆಳು, ಒಳಗೆ ಉಕ್ಕಿನ ಕೇಬಲ್ಲು. ಅರ್ಧ ಇಂಚು ದಪ್ಪದ ಒಂದೊಂದು ಎಳೆಯನ್ನೂ ಸುಮಾರು 14 ಟನ್ ಬಲದಲ್ಲಿ ಎಳೆದು ಕಟ್ಟಿರುತ್ತಾರೆ. ಸಾಧಾರಣ ಮೋಲ್ಡಿನಲ್ಲಿ ಒಂದು ಕಂಬಿ ಹೋದರೆ ಪಕ್ಕದ ಕಂಬಿಗಳು ಹೇಗೋ ಸಂಸಾರ ತೂಗಿಸುತ್ತವೆ. ಇಲ್ಲಿ ಆ ಸಲಿಗೆ ಇಲ್ಲ. ಒಂದು ಕೇಬಲ್ಲಿನ ಬೆಲೆ ಎಷ್ಟೆಂದು ಪೀಣ್ಯದವರನ್ನು ಕೇಳಬೇಕು. 2021ರ ಡಿಸೆಂಬರಿನಲ್ಲಿ ತುಮಕೂರು ರಸ್ತೆಯ ಮೇಲ್ಸೇತುವೆಯಲ್ಲಿ, 102 ಮತ್ತು 103ನೇ ಕಂಬಗಳ ನಡುವೆ, ಕೇಬಲ್ ತುಕ್ಕು ಹಿಡಿದದ್ದು ಕಂಡಿತು. ಸೇತುವೆ ಬಂದ್. ಐಐಎಸ್‌ಸಿ ತಜ್ಞರು ಬಂದರು, ಪರೀಕ್ಷೆಗಳು ನಡೆದವು. ಕಾರು, ಬೈಕುಗಳನ್ನು 2022ರ ಫೆಬ್ರವರಿಯಲ್ಲಿ ಬಿಟ್ಟರು. ಬಸ್ಸು, ಲಾರಿಗಳನ್ನು ಬಿಟ್ಟದ್ದು 2024ರ ಜುಲೈ ಕೊನೆಗೆ, ಅದೂ ವಾರಕ್ಕೊಂದು ದಿನ ಸೇತುವೆಗೆ ರಜೆ ಎಂಬ ಷರತ್ತಿನ ಮೇಲೆ. ಅಷ್ಟೂ ಕಾಲ ಕೆಳಗಿನ ಸರ್ವೀಸ್ ರಸ್ತೆಯಲ್ಲಿ ಲಾರಿಯ ಹಿಂದೆ ನಿಂತು "ಈ ಎಂಜಿನಿಯರುಗಳನ್ನು ಜೈಲಿಗೆ ಹಾಕಬೇಕು" ಎಂದವರೇ ಶನಿವಾರ ಮನೆಯಲ್ಲಿ ಕೂತು, ಅಕ್ವೇರಿಯಂ ಪೈಪಿಗೆ ಎರಡಿಂಚು ಸಾಕೋ ಮೂರಿಂಚು ಬೇಕೋ ಎಂದು ಹೆಂಡತಿಯ ಹತ್ತಿರ ಚರ್ಚಿಸುತ್ತಿದ್ದರು.

ಅಪಾರ್ಟ್‌ಮೆಂಟಿನವರದು ಶೋಕಿಯ ತೂತಾದರೆ ಪಿಜಿಗಳದು ದುಡಿಮೆಯ ತೂತು. ಎಲೆಕ್ಟ್ರಾನಿಕ್ ಸಿಟಿಯ ದೊಡ್ಡತೋಗೂರಿನಲ್ಲಿ, ವೈಟ್‌ಫೀಲ್ಡಿನ ಹಗದೂರಿನಲ್ಲಿ 30-40 ಸೈಟಿನ ಮನೆಗಳು ಸಂಸಾರ ತ್ಯಜಿಸಿ ಪಿಜಿಗಳಾಗಿವೆ. ಮಹಡಿಗೆ ಒಂದೇ ಬಚ್ಚಲು ಇದ್ದ ಮನೆಯಲ್ಲಿ ಈಗ ರೂಮಿಗೊಂದು ಅಟ್ಯಾಚ್ಡ್. ಪಿಜಿಗಳಲ್ಲಿ ತಲೆಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಕೊಡಬೇಕು, ಸಿಸಿಟಿವಿ ಇಡಬೇಕು ಎಂದು 2024ರಲ್ಲಿ ಆಗಿನ ಬಿಬಿಎಂಪಿ ನಿಯಮ ಮಾಡಿತು. ಆ 135 ಲೀಟರು ಹೊರಗೆ ಹೋಗಲು ದಾರಿ ಬೇಕಲ್ಲ? ರೂಮಿಗೆ ಒಂದು ನಾಲ್ಕಿಂಚು, ಒಂದು ಎರಡೂವರೆ ಇಂಚು. ಎಲ್ಲ ಮಹಡಿಯಲ್ಲೂ ಪೈಪು ನೇರ ಇಳಿಯಬೇಕಾದ್ದರಿಂದ ಎಲ್ಲ ಮಹಡಿಯಲ್ಲೂ ಒಂದೇ ಜಾಗದಲ್ಲಿ. ಮಾಲೀಕರು ಅಲ್ಲಿಗೆ ತೃಪ್ತರಾಗದೆ ತಾರಸಿಯ ಮೇಲೆ ಇನ್ನೊಂದು ಮಹಡಿ ಏರಿಸುತ್ತಾರೆ. ಕೆಳಗೆ ಕಳೆಯುವುದು, ಮೇಲೆ ಕೂಡಿಸುವುದು. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡವೊಂದು ಮಳೆಯ ನಡುವೆ ಕುಸಿದು 9 ಮಂದಿ ಸತ್ತರು, ಸತ್ತವರು ಕಾರ್ಮಿಕರು. ಇಂಥದ್ದು ನಡೆದಾಗಲೆಲ್ಲ ಅಕ್ರಮ ಕಟ್ಟಡಗಳ ಪಟ್ಟಿ ಮಾಡಲು ಆದೇಶವಾಗುತ್ತದೆ. ಪಟ್ಟಿ ಮಾಡುವವರು ಮಹಡಿ ಎಣಿಸುತ್ತಾರೆ, ರಸ್ತೆಯಲ್ಲಿ ನಿಂತರೆ ಕಾಣುವುದು ಅದೇ.

ಇನ್ನು ರಿಪೇರಿ. ಬೆಂಗಳೂರಿನ ಎಷ್ಟೋ ಮೋಲ್ಡು ರಿಪೇರಿಗಳು ಹುಟ್ಟುವುದು ಬಾತ್‌ರೂಮಿನಲ್ಲಿ. ಬಾತ್‌ರೂಮಿನ ಮೋಲ್ಡನ್ನು ತಗ್ಗಿಸಿ ಹಾಕಿ, ಪೈಪು ಹಾಯಿಸಿ, ಮೇಲೆ ಇಟ್ಟಿಗೆ ಚೂರು ತುಂಬಿ ಟೈಲ್ಸ್ ಕೂರಿಸಿರುತ್ತಾರೆ. ಒಳಗೆ ಒಂದು ಜಾಯಿಂಟ್ ಸೋರಿದರೆ ಆ ಗುಂಡಿಯೇ ಕೆರೆ. ಕೆರೆಗಳನ್ನು ನುಂಗಿ ಕಟ್ಟಿದ ಊರಿನಲ್ಲಿ ಮನೆಗೊಂದು ಕೆರೆ ಹೀಗೆ ಮರುಹುಟ್ಟು ಪಡೆದಿದೆ. ಕೆಳಗಿನವರು ಫೋಟೊ ಕಳಿಸುತ್ತಾರೆ. ಮೇಲಿನವರು "ನಮ್ಮ ಮನೆಯಲ್ಲಿ ಎಲ್ಲ ಒಣಗಿಯೇ ಇದೆ" ಎನ್ನುತ್ತಾರೆ, ಅದು ಸತ್ಯವೂ ಹೌದು. ಕೊನೆಗೆ ಯಾರೋ ಒಪ್ಪಿ ಬ್ರೇಕರ್ ಇಳಿಸುತ್ತಾರೆ. ಮೋಲ್ಡಿನ ಕಂಬಿಗೆ ಐಎಸ್ 456 ಹೇಳುವ ಕಾಂಕ್ರೀಟ್ ಹೊದಿಕೆ 20 ಮಿಲಿಮೀಟರ್, ಒಂದು ಬೆರಳಿನಷ್ಟು. ಟೈಲ್ಸ್ ಎಬ್ಬಿಸುವ ಹುಮ್ಮಸ್ಸಿನಲ್ಲಿ ಬ್ರೇಕರ್ ಆ ಬೆರಳನ್ನೂ ನುಂಗಿ ಕಂಬಿಗೆ ಗಾಳಿ, ನೀರಿನ ದರ್ಶನ ಮಾಡಿಸುತ್ತದೆ. ಮೇಲೆ ಹೊಸ ಟೈಲ್ಸ್ ಕೂತ ಮೇಲೆ ತುಕ್ಕಿಗೆ ಪೂರ್ಣ ಏಕಾಂತ. 2022ರ ಫೆಬ್ರವರಿಯಲ್ಲಿ ಗುರುಗ್ರಾಮದ ಚಿಂಟೆಲ್ಸ್ ಪ್ಯಾರಡೈಸೊ ಎಂಬ ಅಪಾರ್ಟ್‌ಮೆಂಟಿನ ಆರನೇ ಮಹಡಿಯಲ್ಲಿ ನೆಲಹಾಸಿನ ಕೆಲಸ ನಡೆದಿತ್ತು. ಅಲ್ಲಿನ ಮೋಲ್ಡು ಕುಸಿದು, ಕೆಳಗಿನವುಗಳನ್ನೂ ಒಂದೊಂದಾಗಿ ಎಳೆದುಕೊಂಡು ಮೊದಲನೇ ಮಹಡಿಗೆ ಬಂತು. ಇಬ್ಬರು ಹೆಂಗಸರು ಸತ್ತರು. ಕಾಂಕ್ರೀಟೇ ಕೆಟ್ಟಿತ್ತು, ಕ್ಲೋರೈಡ್ ಸೇರಿ ಕಂಬಿ ತಿಂದಿತ್ತು ಎಂದು ಐಐಟಿ ದೆಹಲಿಯವರು ನಂತರ ಹೇಳಿದರು. ನೆಲ ಅಗೆಸಿದವರಿಗೆ ಅದು ಮೊದಲು ಗೊತ್ತಿರಲಿಲ್ಲ. ನಮಗೆ ನಮ್ಮದು ಗೊತ್ತಿದೆಯೇನು?

ಬೀದಿಯಲ್ಲಿ ನಡೆಯುವುದೂ ಇದೇ, ಅಳತೆ ಮಾತ್ರ ದೊಡ್ಡದು. ವೈಟ್‌ಟಾಪಿಂಗ್ ಎಂದು ಕಾಂಕ್ರೀಟ್ ಹೊದಿಸಿದ ರಸ್ತೆ ಒಣಗುವುದನ್ನೇ ಕಾದು ಯಾವುದೋ ಇಲಾಖೆಗೆ ಪೈಪಿನ ನೆನಪಾಗುತ್ತದೆ. ಯಾರು ಯಾವಾಗ ಅಗೆಯಬೇಕೆಂದು ಹೊಂದಿಸಲು ಮಾರ್ಕ್ಸ್ ಎಂಬ ಗಣಕ ವ್ಯವಸ್ಥೆಯಿದೆ. ದುಡಿಯುವವರೆಲ್ಲ ಒಂದಾಗಿ ಎಂದ ಮಾರ್ಕ್ಸ್‌ಗಿಂತ ಅಗೆಯುವವರೆಲ್ಲ ಒಂದಾಗಿ ಎಂಬ ಈ ಮಾರ್ಕ್ಸ್‌ಗೆ ಅನುಯಾಯಿಗಳು ಇನ್ನೂ ಕಡಿಮೆ.

ಕಾನೂನು ಇಲ್ಲವೆಂದಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಈ ವಿಷಯದಲ್ಲಿ ಭಯಂಕರ ಕಟ್ಟುನಿಟ್ಟು. ಕಟ್ಟಡದ ಭದ್ರತೆಗೆ ಧಕ್ಕೆಯಾಗುವ ಯಾವ ಕೆಲಸವನ್ನೂ ಉಳಿದ ಮಾಲೀಕರೆಲ್ಲರ ಸರ್ವಾನುಮತದ ಒಪ್ಪಿಗೆಯಿಲ್ಲದೆ ಮಾಡಕೂಡದು. ಗಣೇಶನ ಹಬ್ಬಕ್ಕೆ ಪುಳಿಯೋಗರೆಯೋ ಬಿಸಿಬೇಳೆಬಾತೋ ಎಂಬುದಕ್ಕೇ ಸರ್ವಾನುಮತ ಬಾರದ ಜಾಗದಲ್ಲಿ ಬೀಮಿಗೆ ಬರಬೇಕಂತೆ. ಹೀಗಾಗಿ ಯಾರೂ ಕೇಳುವುದಿಲ್ಲ, ಕೇಳದ್ದರಿಂದ ಯಾರೂ ಬೇಡವೆಂದಿಲ್ಲ, ಇದೂ ಒಂದು ಬಗೆಯ ಸರ್ವಾನುಮತವೇ. ಮನೆ ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದಲ್ಲಿ ರಚನೆಯ ದೋಷ ಕಂಡರೆ ಬಿಲ್ಡರೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕೆಂದು 2016ರ ರೇರಾ ಕಾಯ್ದೆ ಹೇಳುತ್ತದೆ. ಬಿರುಕಿನ ಫೋಟೊ ಹಿಡಿದು ಹೋದವರಿಗೆ ಬಿಲ್ಡರ್ ಕಡೆಯವರು ತೂತಿನ ಫೋಟೊ ತೋರಿಸುತ್ತಾರೆ. ತಾನು ಇಡದೆ ಹೋದ ಒಂದು ಸ್ಲೀವು ಇಷ್ಟು ಉಪಕಾರಕ್ಕೆ ಬಂದೀತೆಂದು ಅವನೂ ಅಂದುಕೊಂಡಿರಲಿಕ್ಕಿಲ್ಲ.

ಇಂಥ ಅರಾಜಕತೆಗೆ ಕೊನೆ ಹಾಡಲು ವರ್ತೂರು ಕಡೆಯ ಒಂದು ಅಸೋಸಿಯೇಷನ್ ಸುತ್ತೋಲೆ ಹೊರಡಿಸಿತು. ಕೋರ್ ಕಟಿಂಗ್ ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ. ಮನೆಯಿಂದಲೇ ಕೆಲಸ ಮಾಡುವವರ ಮೀಟಿಂಗ್ ಹೊತ್ತಿನಲ್ಲಿ ಇಲ್ಲ. ಕೊರೆಯುವವರು ಸರ್ವೀಸ್ ಲಿಫ್ಟನ್ನೇ ಬಳಸಬೇಕು. ಹೊರಗೋಡೆಯ ತೂತಿನ ಸುತ್ತ ಅಸೋಸಿಯೇಷನ್ ಒಪ್ಪಿದ ಬಣ್ಣವನ್ನೇ ಬಳಿಯಬೇಕು, ತಪ್ಪಿದರೆ ದಂಡ. ಸಭೆಯಲ್ಲಿ ನಿವೃತ್ತ ಪಿಡಬ್ಲ್ಯುಡಿ ಎಂಜಿನಿಯರೊಬ್ಬರು ಎದ್ದು ನಿಂತು, ಬೀಮಿನ ಬಗ್ಗೆ ಏನೂ ಬರೆದಿಲ್ಲವಲ್ಲ ಎಂದು ಕೇಳಿದರು.

"ಬೀಮು ಒಳಗಡೆ ಇರುತ್ತಲ್ಲ ಸಾರ್," ಎಂದರು ಸೆಕ್ರೆಟರಿ, "ಎಲಿವೇಷನ್‌ಗೆ ಏನೂ ತೊಂದರೆ ಇಲ್ಲ."