ಭಾವನ ತೊಟ್ಟಿಮನೆಗೆ 14 ಪಾಯಿಂಟು

ಮಹಾಲಯ ಅಮಾವಾಸ್ಯೆ ಹತ್ತಿರ ಬಂತೆಂದರೆ ನಾಗಮಂಗಲದಿಂದ ಭಾವನ ಫೋನು. "ಯಾವಾಗ ಬರ್ತೀಯೋ? ಬರೋವಾಗ ಎಸ್.ಪಿ. ರೋಡಲ್ಲಿ 330 ಓಮ್ ರೆಸಿಸ್ಟರು ಒಂದಿಪ್ಪತ್ತು ತಗೊಂಡ್ಬಾ." ಕ್ಷೇಮಸಮಾಚಾರ ಆಮೇಲೆ, ನೆನಪಾದರೆ.

ಗೊಂಬೆ ಕೂರಿಸುವ ಮನೆಗಳಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಮೆಟ್ಟಿಲಿಗೆ ಪಂಚೆ ಹಾಸುವುದು, ಪಟ್ಟದ ಗೊಂಬೆಗೆ ಸೀರೆ ಉಡಿಸುವುದು, ಬೊಂಬೆ ಬಾಗಿನಕ್ಕೆ ಚಕ್ಕುಲಿ ಕರಿಯುವುದು ಎಲ್ಲ ಹೆಂಗಸರ ಪಾಲು. ಗಂಡಸಿನ ಪಾಲಿಗೆ ಬರುವುದು ಕರೆಂಟು ಒಂದೇ. ಊರಿಗೆಲ್ಲ ಕೇಳುವಂತೆ ನಡೆಯುವ ಕೆಲಸವೂ ಅದೊಂದೇ. ಜೇಬಿನಲ್ಲಿ ಪೆನ್ನಿರಬೇಕಾದ ಕಡೆ ಟೆಸ್ಟರು, ಮಣಿಕಟ್ಟಿಗೆ ಬಳೆಯ ಹಾಗೆ ಇನ್ಸುಲೇಷನ್ ಟೇಪು. ವೈರನ್ನು ಹಲ್ಲಲ್ಲೇ ಸುಲಿಯುತ್ತಾರೆ. ಬಚ್ಚಲುಮನೆಯ ಸ್ವಿಚ್ಚು ಕೆಟ್ಟು ಎರಡು ವರ್ಷವಾಯಿತು, ಅದಕ್ಕೆ ಮಾತ್ರ ಪುರುಸೊತ್ತಿಲ್ಲ.

ಭಾವನಿಗೆ ಜಿಲ್ಲೆಯ ಅಭಿಮಾನ ಬೇರೆ. "1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಮಂಡ್ಯ ಜಿಲ್ಲೆ ಕಣೋ ನಮ್ದು!" ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ ಎಂದು ನಾನೊಮ್ಮೆ ಬಾಯಿತಪ್ಪಿ ಅಂದೆ. ಆ ವರ್ಷ ಟಾರ್ಚು ಹಿಡಿಯುವ ಕೆಲಸ ರಾತ್ರಿ ಒಂದು ಗಂಟೆಯವರೆಗೆ ನಡೆಯಿತು.

ಟಾರ್ಚು ಹಿಡಿಯುವುದೆಂದರೆ ಏನೆಂದು ಹಿಡಿದವರಿಗೇ ಗೊತ್ತು. ಭಾವ ರಟ್ಟು, ಐಸ್‌ಕ್ರೀಂ ಕಡ್ಡಿ ಸೇರಿಸಿ ಮೊಳದುದ್ದದ ತೊಟ್ಟಿಮನೆ ಕಟ್ಟಿದ್ದಾರೆ. ಅದರ ಸೂರಿನೊಳಗೆ ಕೂದಲೆಳೆಯಂಥ ತಾಮ್ರದ ತಂತಿ. ತಂತಿಯ ಮೇಲಿನ ವಾರ್ನಿಷನ್ನು ಬ್ಲೇಡಿನಿಂದ ಕೆರೆಯದಿದ್ದರೆ ಬೆಸುಗೆ ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರುತ್ತದೆ. ಕೊಂಚ ಜಾಸ್ತಿ ಕೆರೆದರೆ ತಂತಿಯೇ ತುಂಡು. ಭಾವ ಉಸಿರು ಬಿಗಿಹಿಡಿದು ಕೆರೆಯುವಾಗ ನಾನೂ ಉಸಿರಾಡುವ ಹಾಗಿಲ್ಲ. "ಅಲ್ಲಾಡಿಸ್ಬೇಡ ಕಣೋ! ನಾನು ನೋಡೋ ಕಡೆ ಬಿಡು, ನೀನು ನೋಡೋ ಕಡೆ ಅಲ್ಲ." ಅವರು ನೋಡುವ ಕಡೆಗೆ ಬಿಟ್ಟರೆ ಅವರದೇ ತಲೆಯ ನೆರಳು ಬೀಳುತ್ತದೆ. ಆ ತಪ್ಪೂ ನನ್ನದೇ. ಬಾಯಲ್ಲಿ ಮಾತ್ರ ಮಂತ್ರ ನಿಲ್ಲುವುದಿಲ್ಲ: "ಕಿತ್ತಳೆ, ಕಿತ್ತಳೆ, ಕಂದು." ಅದು 330 ಓಮ್ ರೆಸಿಸ್ಟರಿನ ಪಟ್ಟೆಗಳ ಬಣ್ಣ. ಒಂಬತ್ತು ವೋಲ್ಟಿನ ಬ್ಯಾಟರಿ, ಮೂರೇ ವೋಲ್ಟು ಸಾಕೆನ್ನುವ ಬಿಳಿ ಎಲ್‌ಇಡಿ. ನಡುವೆ ಈ ರೆಸಿಸ್ಟರಿಲ್ಲದಿದ್ದರೆ ದೀಪಕ್ಕೆ ಉಳಿಗಾಲವಿಲ್ಲ. ಇದನ್ನು ನಾನು ಕಲಿತದ್ದು ಅನುಭವದಿಂದ. ಭಾವ ಕಾಫಿಗೆದ್ದು ಹೋದಾಗ ಸಹಾಯ ಮಾಡೋಣವೆಂದು ಒಂದನ್ನು ನೇರ ಬ್ಯಾಟರಿಗೆ ಕೊಟ್ಟೆ. ಫಳ್ ಎಂದು ಮಿಂಚಿ ಸತ್ತಿತು. ಸತ್ತದ್ದನ್ನು ಮೆಲ್ಲಗೆ ಜೇಬಿಗಿಳಿಸಿದೆ. ಭಾವ ಬಂದು ಎಣಿಸಿದರು. ಎಣಿಸುತ್ತಾರೆಂದು ನನಗೇನು ಗೊತ್ತು?

ನನ್ನ ಇನ್ನೊಂದು ಅಪರಾಧ ಇದಕ್ಕಿಂತ ದೊಡ್ಡದು. ಇಂಗ್ಲೆಂಡಿನ ಮೇರಿ ರಾಣಿಗೆಂದು 1924ರಲ್ಲಿ ಮುಗಿಸಿದ ಗೊಂಬೆಮನೆಯಲ್ಲಿ ದೀಪ ಹತ್ತುತ್ತವೆ, ಲಿಫ್ಟಿದೆ, ನಲ್ಲಿಯಲ್ಲಿ ನೀರೂ ಬರುತ್ತದೆ, ಅದರ ನಕ್ಷೆ ದೆಹಲಿಯ ರಾಷ್ಟ್ರಪತಿ ಭವನದ ಲುಟ್ಯೆನ್ಸನದೇ ಎಂದು ಹೇಳಿಬಿಟ್ಟೆ. ಭಾವ ಸುಮ್ಮನಾದರು. "ನಲ್ಲೀಲಿ ನೀರಾ?" ಮುಂದಿನ ನವರಾತ್ರಿಗೆ ಡ್ರಿಪ್ಪಿನ ಕೊಳವೆ ಬಂತು, ಎರಡನೆಯ ಮೆಟ್ಟಿಲಿನ ಮಣ್ಣಿನ ದಶಾವತಾರದ ಬಣ್ಣ ಇಳಿಯಿತು. ಅಕ್ಕ ಮೂರು ದಿನ ಮಾತಾಡಲಿಲ್ಲ.

ಸಂಜೆ ಮಕ್ಕಳು ಬಂದರೆ ಯಾರೂ ಪಟ್ಟದ ಗೊಂಬೆಯನ್ನು ನೋಡುವಂತಿಲ್ಲ. "ಒತ್ತು, ಒತ್ತು!" ಎಂದು ಕೈಹಿಡಿದು ಸ್ವಿಚ್ಚಿಗೆ ಮುಟ್ಟಿಸುತ್ತಾರೆ. ಹಜಾರಕ್ಕೊಂದು, ಕೊಟ್ಟಿಗೆಗೊಂದು, ತುಳಸಿಕಟ್ಟೆಗೊಂದು, ಒಟ್ಟು 14 ಪಾಯಿಂಟು. ಅಡುಗೆಮನೆಗೇ ಮೂರು.

ಅಷ್ಟು ಚಿಕ್ಕ ಅಡುಗೆಮನೆಗೆ ಮೂರೇಕೆ ಎಂದು ಹೋದ ವರ್ಷ ಕೇಳಿದೆ. ಅವರ ಹಳ್ಳಿಯ ತೊಟ್ಟಿಮನೆಗೆ ಕರೆಂಟು ಬಂದಾಗ ಅವರ ತಾತ ಹಜಾರಕ್ಕೊಂದು ಬಲ್ಬು ಹಾಕಿಸಿ, ಇನ್ನೊಂದು ಪಾಯಿಂಟು ದಂಡ ಅಂದರಂತೆ. ಅವರಮ್ಮ ಕಡೆಯವರೆಗೂ ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲೇ ಮುದ್ದೆ ತಿರುವಿದರಂತೆ. ಆ ಮನೆ ಪಾಲಾಗಿ ಈಗ ಒಂದು ಗೋಡೆ ಉಳಿದಿದೆ. "ಒಲೆ ಮೇಲೊಂದು, ಒರಳಿಗೊಂದು, ಬಾಗ್ಲಿಗೊಂದು. ಸಾಕಲ್ವೇನೋ?" ಎಂದರು. ಸಾಕು ಭಾವ ಎಂದೆ. ತಕ್ಷಣ, "ಟಾರ್ಚು ಸರಿಯಾಗಿ ಹಿಡಿ" ಎಂದರು. ಅವತ್ತು ಅದು ನಿಜವಾಗಿಯೂ ಅಲ್ಲಾಡುತ್ತಿತ್ತು.

ನವರಾತ್ರಿಗೆ ನಾಗಮಂಗಲದ ಕಡೆ ಬಂದರೆ, ಸೌಮ್ಯಕೇಶವನ ದರ್ಶನ ಮುಗಿಸಿಕೊಂಡು ನಮ್ಮ ಅಕ್ಕನ ಮನೆಗೂ ಬನ್ನಿ. ಹದಿನಾಲ್ಕೂ ಸ್ವಿಚ್ಚು ಒತ್ತದೆ ಚಕ್ಕುಲಿ ಸಿಗುವುದಿಲ್ಲ. ಬಚ್ಚಲಿಗೆ ಹೋಗುವುದಿದ್ದರೆ ಟಾರ್ಚು ನೀವೇ ತನ್ನಿ.